ಟೆಸ್ಟ್ ಮಾಡಿದ್ದರು, ಯಾರೂ ಕೇಳಲಿಲ್ಲ

ಹೊಸ ಗೇಮ್ ಬಂದ ದಿನವೇ ಅದು ಕೈಕೊಟ್ಟರೆ ಎಲ್ಲರೂ ಬರೆಯುವ ಮಾತು ಒಂದೇ: "ಇದನ್ನ ಯಾರೂ ಟೆಸ್ಟ್ ಮಾಡಿಲ್ವಾ?" ನಾನೂ ಎಷ್ಟೋ ಸಲ ಹಾಗೆ ಬರೆದಿದ್ದೇನೆ. ಈಗ ಬರೆಯುವುದಿಲ್ಲ.

ನನ್ನ ಚಿಕ್ಕಪ್ಪನ ಮಗ ಬೆಂಗಳೂರಿನಲ್ಲಿ ಗೇಮ್ ಟೆಸ್ಟರ್ ಆಗಿದ್ದ. ಹೊರದೇಶದ ಗೇಮ್‌ಗಳನ್ನು ಇಲ್ಲಿ ಟೆಸ್ಟ್ ಮಾಡಿಕೊಡುವ ಒಂದು ಕಂಪನಿ. ಆ ಕಂಪನಿಗೆ ಜನ ಕೊಡುವ ಇನ್ನೊಂದು ಏಜೆನ್ಸಿ. ಇವನಿಗೆ ಸಂಬಳ ಬರುತ್ತಿದ್ದುದು ಏಜೆನ್ಸಿಯಿಂದ, ಅದೂ ಮೂರು ಮೂರು ತಿಂಗಳ ಕಾಂಟ್ರಾಕ್ಟ್ ಮೇಲೆ. ಮನೆಯಲ್ಲಿ ಎಲ್ಲರೂ "ಆಟ ಆಡೋಕೆ ಸಂಬಳ ಕೊಡ್ತಾರಂತೆ, ಪುಣ್ಯವಂತ" ಅಂತಿದ್ದರು. ನಾನೂ ಅಂತಿದ್ದೆ.

ಆಫೀಸಿನಲ್ಲಿ ಯಾವ ಗೇಮ್ ನೋಡ್ತಿದ್ದೀನಿ ಅಂತ ಅವನು ಯಾರಿಗೂ ಹೇಳುವ ಹಾಗಿರಲಿಲ್ಲ, ಸಹಿ ಹಾಕಿ ಕೊಟ್ಟಿದ್ದ. ಆದರೆ ಕೆಲಸ ಹೇಗಿರುತ್ತೆ ಅಂತ ಒಂದು ಭಾನುವಾರ ನಮ್ಮ ಮನೆಯಲ್ಲಿ, ನನ್ನ ಕಂಪ್ಯೂಟರಿನಲ್ಲೇ, ನಾನು ಎರಡು ಸಲ ಆಡಿ ಮುಗಿಸಿದ್ದ ಹಳೇ ಗೇಮ್ ಹಾಕಿ ತೋರಿಸಿದ. ಒಂದು ಖಾಲಿ ಕೋಣೆ. ಕ್ಯಾರೆಕ್ಟರನ್ನು ಗೋಡೆಗೆ ಒತ್ತಿ ಹಿಡಿದು ಮೂಲೆಯಿಂದ ಮೂಲೆಗೆ ನಡೆಸಿದ. ಆಮೇಲೆ ಅದೇ ಗೋಡೆಯುದ್ದಕ್ಕೂ ಹಾರುತ್ತಾ ಹೋದ. ಆಮೇಲೆ ಕೂತುಕೊಂಡು. ಬಾಗಿಲು ಅರ್ಧ ತೆರೆದಾಗ ಆಟ ನಿಲ್ಲಿಸುವ ಪಾಜ್ ಬಟನ್ ಒತ್ತಿದ, ಸೇವ್ ಆಗುತ್ತಿರುವಾಗಲೇ ಕಂಟ್ರೋಲರ್ ವೈರ್ ಕಿತ್ತ. ಇಪ್ಪತ್ತು ನಿಮಿಷಕ್ಕೆ ಕ್ಯಾರೆಕ್ಟರ್ ಒಂದು ಬೀರುವಿನೊಳಗೆ ಸೇರಿಕೊಂಡು ಆಚೆ ಬರಲಾಗದೆ ನಿಂತಿತು. ಅವನ ಮುಖ ಅರಳಿದ್ದು ನೋಡಬೇಕಿತ್ತು ನೀವು. "ಈಗ ಇದನ್ನೇ ಇನ್ನೂ ಹತ್ತು ಸಲ ಮಾಡ್ಬೇಕು ಅಣ್ಣ. ಎಲ್ಲಿ ನಿಂತಿದ್ದೆ, ಯಾವ ಬಟನ್ ಒತ್ತಿದೆ, ಹತ್ತರಲ್ಲಿ ಎಷ್ಟು ಸಲ ಆಯ್ತು ಅಂತ ಬರೀಬೇಕು. ಇಲ್ಲಾಂದ್ರೆ ಯಾರೂ ನಂಬಲ್ಲ."

ಹೀಗೆ ದಿನಕ್ಕೆ ಹತ್ತು ಗಂಟೆ, ಬಿಡುಗಡೆ ಹತ್ತಿರ ಬಂದಾಗ ಹನ್ನೆರಡು. ಇಷ್ಟು ಕಷ್ಟಪಟ್ಟು ಬರೆದ ಬಗ್‌ಗಳಲ್ಲಿ, ಅಂದರೆ ಗೇಮಿನ ದೋಷಗಳಲ್ಲಿ, ಎಷ್ಟೋ ವಾಪಸ್ ಬರುತ್ತಿದ್ದುದು "ನೋನ್ ಶಿಪ್ಪಬಲ್" ಅನ್ನೋ ಗುರುತಿನೊಂದಿಗೆ. ಅಂದರೆ ತೊಂದರೆ ಇರೋದು ಗೊತ್ತಿದೆ, ಇದ್ದ ಹಾಗೇ ಮಾರಬಹುದು ಅಂತ. ಸಣ್ಣಪುಟ್ಟದ್ದಕ್ಕೆ ಹಾಗೆ ಹಾಕಿದರೆ ಸರಿ, ಯಾವ ಗೇಮೂ ನೂರಕ್ಕೆ ನೂರು ಸರಿಯಾಗಿ ಬರುವುದಿಲ್ಲ. ಆದರೆ ಅಲ್ಲಿಯವರೆಗೆ ಆಡಿದ್ದನ್ನೆಲ್ಲ ಉಳಿಸಿಡುವ ಆಟಗಾರನ ಸೇವ್ ಫೈಲೇ ಹಾಳಾಗುವ ಒಂದು ಬಗ್‌ಗೂ ಅದೇ ಗುರುತು ಬಿತ್ತಂತೆ. ಆ ಗೇಮ್ ಬರುವ ವಾರ ನನಗೆ ಫೋನ್ ಮಾಡಿ, ಹೆಸರು ಹೇಳದೆ, "ಅಣ್ಣ, ಈ ತಿಂಗಳು ಯಾವ ಹೊಸ ಗೇಮೂ ತಗೋಬೇಡ, ಸ್ವಲ್ಪ ತಡಿ" ಅಂದ. ನಾನು ತಡೆದೆ. ದುಡ್ಡು ಕೊಟ್ಟು ತಗೊಂಡವರು ಎಂದಿನ ಹಾಗೆ ಯಾರೂ ಟೆಸ್ಟ್ ಮಾಡಿಲ್ವಾ ಅಂತ ಬೈದು ಬರೆದರು. ಅವನು ರಾತ್ರಿಯೆಲ್ಲ ಕೂತು ಅದನ್ನೇ ಓದಿದ.

ಇದು ಒಂದೇ ಕಂಪನಿಯ ಕಥೆಯಲ್ಲ. ಸೈಬರ್‌ಪಂಕ್ 2077 ಅನ್ನೋ ಗೇಮ್ ನೆನಪಿದೆ ಅಲ್ವಾ? ಪೋಲೆಂಡಿನ ಸಿಡಿ ಪ್ರಾಜೆಕ್ಟ್ ಅನ್ನೋ ಕಂಪನಿ ಮಾಡಿದ್ದು. ಕೆಲಸದವರನ್ನು ಬಲವಂತವಾಗಿ ಹೆಚ್ಚು ಹೊತ್ತು ದುಡಿಸುವುದಿಲ್ಲ ಅಂತ 2019ರಲ್ಲಿ ಹೇಳಿದ್ದರು. 2020ರ ಸೆಪ್ಟೆಂಬರ್ ಕೊನೆಗೆ ವಾರಕ್ಕೆ ಆರು ದಿನ ಕೆಲಸ ಅಂತ ಆದೇಶ ಬಂತು. ಮೂರು ಸಲ ಮುಂದೂಡಿ ಡಿಸೆಂಬರ್ 10ಕ್ಕೆ ಬಿಟ್ಟರು. ಬಿಡುಗಡೆಗೆ ಮುಂಚೆ ವಿಮರ್ಶಕರಿಗೆ ಕೊಟ್ಟಿದ್ದು ಪಿಸಿ ಕಾಪಿ ಮಾತ್ರ. ಸೋನಿಯ ಹಳೇ ಗೇಮ್ ಕನ್ಸೋಲ್ ಪ್ಲೇಸ್ಟೇಷನ್ 4ನಲ್ಲಿ ಅದು ಹೇಗೆ ಓಡುತ್ತೆ ಅಂತ ಜನಕ್ಕೆ ಗೊತ್ತಾಗಿದ್ದು ಕೊಂಡ ಮೇಲೆ. ಎರಡು ವಾರವೂ ಆಗಿರಲಿಲ್ಲ, ಸೋನಿ ತನ್ನ ಆನ್‌ಲೈನ್ ಅಂಗಡಿಯಿಂದ ಗೇಮನ್ನೇ ತೆಗೆದು ದುಡ್ಡು ವಾಪಸ್ ಕೊಡಲು ಶುರುಮಾಡಿತು. ಮತ್ತೆ ಅಲ್ಲಿ ಸಿಕ್ಕಿದ್ದು 2021ರ ಜೂನ್‌ನಲ್ಲಿ.

ಇದರಲ್ಲಿ ನನಗೆ ಜಾಸ್ತಿ ಬೇಜಾರಾದದ್ದು ಆಮೇಲಿನ ಮಾತುಗಳು. ಡಿಸೆಂಬರ್‌ನಲ್ಲಿ ಹೂಡಿಕೆದಾರರ ಜೊತೆ ಮಾತಾಡುವಾಗ ಕಂಪನಿಯ ಮುಖ್ಯಸ್ಥರು ಒಪ್ಪಿಕೊಂಡಿದ್ದರು, ಹಳೇ ಕನ್ಸೋಲ್‌ಗಳಿಗೆ ಇನ್ನೂ ಸಮಯ ಬೇಕು ಅನ್ನುವ ಸೂಚನೆಗಳನ್ನು ತಾವು ಕಡೆಗಣಿಸಿದೆವು ಅಂತ. ಜನವರಿಯಲ್ಲಿ ಸಂಸ್ಥಾಪಕರೊಬ್ಬರು ಕ್ಷಮೆ ಕೇಳುವ ವಿಡಿಯೋ ಹಾಕಿದರು. ಜವಾಬ್ದಾರಿ ನಮ್ಮದೇ ಅಂದರು, ನಿಜ. ಆದರೆ ಆಟಗಾರರಿಗೆ ಬಂದ ತೊಂದರೆಗಳಲ್ಲಿ ಎಷ್ಟೋ ನಮ್ಮ ಟೆಸ್ಟಿಂಗ್‌ನಲ್ಲಿ ಕಂಡಿರಲಿಲ್ಲ ಅಂತಲೂ ಸೇರಿಸಿದರು. ಅಲ್ಲಿ ಕೆಲಸ ಮಾಡಿದವರು ಪತ್ರಕರ್ತರಿಗೆ ಹೇಳಿದ್ದೇ ಬೇರೆ: ಬಹಳಷ್ಟು ನಮಗೆ ಗೊತ್ತಿತ್ತು, ಸರಿಮಾಡಲು ಟೈಮ್ ಇರಲಿಲ್ಲ. ಹಾಗಾದರೆ ಡಿಸೆಂಬರ್‌ನಲ್ಲಿ ಕಡೆಗಣಿಸಿದೆವು ಅಂದ ಆ ಸೂಚನೆಗಳು ಎಲ್ಲಿಂದ ಬಂದಿದ್ದವು? ಯಾರೋ ಒಬ್ಬ ಹುಡುಗ ಒಂದು ಗೋಡೆಯ ಉದ್ದಕ್ಕೂ ನಡೆದು ನೋಡಿ ಬರೆದಿಟ್ಟಿದ್ದರಿಂದಲೇ ಅಲ್ವಾ? ಗೇಮನ್ನು ಅವರು ಆಮೇಲೆ ಚೆನ್ನಾಗಿಯೇ ರಿಪೇರಿ ಮಾಡಿದರು, ಅದನ್ನು ಒಪ್ಪುತ್ತೇನೆ. 2023ರಲ್ಲಿ ಅದೇ ಕಂಪನಿ ಸುಮಾರು 100 ಜನರನ್ನು ಕೆಲಸದಿಂದ ತೆಗೆಯುತ್ತೇವೆ ಅಂದಾಗ ಪೋಲೆಂಡಿನ ಗೇಮ್ ಕೆಲಸಗಾರರು ಒಂದು ಯೂನಿಯನ್ ಕಟ್ಟಿಕೊಂಡರು.

ಅಮೆರಿಕದ ದೊಡ್ಡ ಗೇಮ್ ಕಂಪನಿಗಳಲ್ಲಂತೂ ಇಂಥ ಯೂನಿಯನ್ ಶುರುವಾಗಿದ್ದೇ ಟೆಸ್ಟರ್‌ಗಳಿಂದ. ವಿಸ್ಕಾನ್ಸಿನ್ ರಾಜ್ಯದ ರೇವನ್ ಸಾಫ್ಟ್‌ವೇರ್ ಅನ್ನೋ ಸ್ಟುಡಿಯೋ ದೊಡ್ಡ ಗೇಮ್ ಕಂಪನಿ ಆಕ್ಟಿವಿಷನ್‌ಗೆ ಸೇರಿದ್ದು, ಕಾಲ್ ಆಫ್ ಡ್ಯೂಟಿ ವಾರ್‌ಝೋನ್ ಗೇಮಿನಲ್ಲಿ ಅಲ್ಲಿಯವರ ಕೆಲಸವೂ ಇದೆ. 2021ರ ಡಿಸೆಂಬರ್‌ನಲ್ಲಿ 12 ಟೆಸ್ಟರ್‌ಗಳಿಗೆ ನಿಮ್ಮ ಕಾಂಟ್ರಾಕ್ಟ್ ಮುಗಿಯಿತು ಅಂದರು. ಅವರಲ್ಲಿ ಕೆಲವರು ಈ ಕೆಲಸ ನಂಬಿ ಸ್ವಂತ ಖರ್ಚಿನಲ್ಲಿ ಊರು ಬಿಟ್ಟು ಬಂದವರು. ಉಳಿದ ಟೆಸ್ಟರ್‌ಗಳು ಕೆಲಸ ನಿಲ್ಲಿಸಿ ವಾರಗಟ್ಟಲೆ ಹೊರಗೆ ಕೂತರು. 2022ರ ಮೇ ತಿಂಗಳಲ್ಲಿ ಯೂನಿಯನ್ ಬೇಕೇ ಅಂತ ವೋಟ್ ಆಯಿತು, 19 ಪರ, 3 ವಿರೋಧ. ಅದರ ನಡುವೆ, ಅದೇ ವರ್ಷದ ಜನವರಿಯಲ್ಲಿ, ಇಡೀ ಆಕ್ಟಿವಿಷನ್ ಬ್ಲಿಝಾರ್ಡನ್ನು 68.7 ಬಿಲಿಯನ್ ಡಾಲರ್‌ಗೆ ಕೊಳ್ಳುವುದಾಗಿ ಮೈಕ್ರೋಸಾಫ್ಟ್ ಹೇಳಿತ್ತು. ಅಷ್ಟು ಬೆಲೆ ಬಾಳುವ ಕಂಪನಿಗೆ 12 ಜನರ ಸಂಬಳ ಭಾರವಾಗಿತ್ತೇ? ನನಗಂತೂ ಅರ್ಥವಾಗಿಲ್ಲ.

ನಾನೀಗ ಮುಂಗಡ ಕೊಟ್ಟು ಯಾವ ಗೇಮೂ ತಗೊಳ್ಳುವುದಿಲ್ಲ. ನನ್ನ ಹತ್ತಿರ ಇರುವ ಮೆಷಿನ್‌ನಲ್ಲೇ ಯಾರಾದರೂ ಆಡಿ ತೋರಿಸುವ ತನಕ ಕಾಯುತ್ತೇನೆ. ಹಾಳಾಗಿದ್ದರೆ ಬರೆಯುತ್ತೇನೆ, ಗಟ್ಟಿಯಾಗೇ ಬರೆಯುತ್ತೇನೆ, ಆದರೆ ಇದನ್ನು ಬಿಡಬಹುದು ಅಂತ ಒಪ್ಪಿಗೆ ಕೊಟ್ಟವರನ್ನು ಕೇಳುತ್ತೇನೆ.

ತಮ್ಮನ ಕಾಂಟ್ರಾಕ್ಟ್ ಮುಂದುವರಿಯಲಿಲ್ಲ. ಗೇಮ್ ಮುಗೀತಲ್ಲ, ಜನ ಬೇಕಾಗಿಲ್ಲ ಅಂದರಂತೆ. ಎರಡು ತಿಂಗಳಾದ ಮೇಲೆ ನಮ್ಮ ಮನೆಗೆ ಬಂದಿದ್ದಾಗ ಊಟ ಮಾಡುತ್ತಾ ಎಡಗೈಯಲ್ಲಿ ಫೋನ್ ನೋಡುತ್ತಿದ್ದ. ಆ ಗೇಮಿಗೆ ಪ್ಯಾಚ್, ಅಂದರೆ ರಿಪೇರಿ ಮಾಡಿದ ಅಪ್‌ಡೇಟ್, ಬಂದಿತ್ತು, ಏನೇನು ಸರಿಮಾಡಿದ್ದೇವೆ ಅಂತ ಉದ್ದ ಪಟ್ಟಿ. ಬೆರಳಿಂದ ಕೆಳಗೆ ಸರಿಸುತ್ತಾ ಹೋಗಿ ಒಂದು ಕಡೆ ನಿಲ್ಲಿಸಿ ಫೋನನ್ನು ನನ್ನ ಕಡೆ ತಿರುಗಿಸಿದ. ಕೆಲವು ಸಂದರ್ಭಗಳಲ್ಲಿ ಸೇವ್ ಫೈಲ್ ಹಾಳಾಗುತ್ತಿದ್ದುದನ್ನು ಸರಿಪಡಿಸಲಾಗಿದೆ, ಅಂತ ಒಂದೇ ಸಾಲು.

"ಇದು ನಂದು ಅಣ್ಣ" ಅಂದ.