‘ಅವರು ನಮ್ಮ ಪಾರ್ಕರ್’

ಭಾನುವಾರ ಕೇಳಿದ ಒಂದು ಮಾತು ಗುರುವಾರವಾದರೂ ತಲೆಯಿಂದ ಇಳಿದಿಲ್ಲ.

ಇಂಗ್ಲೆಂಡಿನ ಸೌತಾಂಪ್ಟನ್ನಿಗೆ ನಾವು ಬಂದು ಆರು ವರ್ಷವಾಯಿತು. ಇಲ್ಲಿನ ಬಿಟರ್ನ್ ಚರ್ಚಿನ ಅಂಗಳದಲ್ಲಿ ಜಾಝ್ ವಾದಕ ಜೋ ಹ್ಯಾರಿಯಟ್ ಸಮಾಧಿಯಿದೆ ಎಂದು ಗೊತ್ತಾದದ್ದು ಮಾತ್ರ ಮೊನ್ನೆ. ಅವರ ಆಲ್ಟೋ ಸ್ಯಾಕ್ಸೋಫೋನನ್ನು ಇಷ್ಟು ವರ್ಷ ಇಯರ್‌ಫೋನಿನಲ್ಲಿ ಕೇಳಿದ್ದೇನೆ, ಮನುಷ್ಯ ಇಲ್ಲೇ ನಮ್ಮ ಪಕ್ಕದಲ್ಲೇ ಮಲಗಿದ್ದಾರೆ! ಹೋಗದೆ ಇರಲಾಗಲಿಲ್ಲ.

ಕಲ್ಲುಗಳ ಮೇಲಿನ ಹೆಸರು ಓದುತ್ತಾ ತಡಕಾಡುತ್ತಿದ್ದವನಿಗೆ ಸಮಾಧಿ ತೋರಿಸಿದ್ದು ಕೋಲೂರಿಕೊಂಡು ಬಂದ ಒಬ್ಬರು ಅಜ್ಜಿ. ವಯಸ್ಸು ಎಂಬತ್ತು ದಾಟಿರಬೇಕು. ಹುಡುಗಿಯಾಗಿದ್ದಾಗ ರೈಲು ಹತ್ತಿ ಲಂಡನ್ನಿನ ಸೋಹೋಗೆ, ಜೆರಾರ್ಡ್ ಸ್ಟ್ರೀಟ್ 39ರ ನೆಲಮಾಳಿಗೆಗೆ ಹೋಗುತ್ತಿದ್ದರಂತೆ. ರಾನಿ ಸ್ಕಾಟ್ ಮತ್ತು ಪೀಟ್ ಕಿಂಗ್, ಇಬ್ಬರೂ ಸ್ಯಾಕ್ಸೋಫೋನ್ ವಾದಕರೇ, ಸಾಲ ಮಾಡಿ 1959ರ ಅಕ್ಟೋಬರ್ 30ರಂದು ತೆರೆದ ಕ್ಲಬ್ಬು ಅದು. “ಕೋಟು ಇಡಲೂ ಜಾಗವಿರಲಿಲ್ಲ, ತೊಡೆಯ ಮೇಲಿಟ್ಟುಕೊಂಡು ಕೂರುತ್ತಿದ್ದೆವು” ಎನ್ನುತ್ತಾ ಆಕೆ ಗಾಳಿಯಲ್ಲೇ ಒಂದು ಕೋಟನ್ನು ಮಡಚಿ ಮಡಿಲಿಗೆ ಹಾಕಿಕೊಂಡರು. ಆ ಕೈಗಳು ಈಗಲೂ ಕಣ್ಣಿಗೆ ಕಟ್ಟಿದ ಹಾಗಿವೆ.

ಆಮೇಲೆ ಕಲ್ಲಿನ ನೆತ್ತಿಯನ್ನು ಮಗುವಿನ ತಲೆ ಸವರಿದಂತೆ ಸವರಿ ಹೇಳಿದರು: “ಪಾಪ. ಅವರು ನಮ್ಮ ಚಾರ್ಲಿ ಪಾರ್ಕರ್, ಗೊತ್ತಾ?”

ಪಾರ್ಕರ್ ಅಂದರೆ ಅದೇ ಆಲ್ಟೋ ಸ್ಯಾಕ್ಸೋಫೋನಿನಲ್ಲಿ ಜಾಝ್ ನುಡಿಸಿ ದೊಡ್ಡ ಹೆಸರಾದ ಅಮೆರಿಕದವರು. ಅದೇ ಕಲ್ಲಿನ ಮೇಲೆ ಹ್ಯಾರಿಯಟ್ ಆಡಿದ್ದ ಮಾತೊಂದನ್ನು ಕೆತ್ತಿದ್ದಾರೆ. ನಮ್ಮ ಇಸ್ಪೀಟಿನ ಭಾಷೆಯಲ್ಲಿ ಹೇಳುವುದಾದರೆ, ಪಾರ್ಕರಾ? ಒಂದೆರಡು ಎಕ್ಕ ಇಳಿಸುವವರು ಇಲ್ಲೂ ಇದ್ದಾರೆ, ಅಂತ. ಆ ಸಾಲಿನ ಮೇಲೆಯೇ ಅಜ್ಜಿಯ ನೆರಳು ಬಿದ್ದಿತ್ತು. ನಾನು ತಲೆಯಾಡಿಸಿದೆ. ಬೇರೇನೂ ಹೇಳಲಿಲ್ಲ.

ಆಕೆ ಒಳ್ಳೆಯವರು, ಅದರಲ್ಲಿ ಸಂಶಯವಿಲ್ಲ. ಆದರೆ ‘ಪಾಪ’ ಅಂದದ್ದು ನನಗೆ ಹಿಡಿಸಲಿಲ್ಲ. ‘ನಮ್ಮ ಪಾರ್ಕರ್’ ಅಂದದ್ದಂತೂ ಈಗಲೂ ಚುಚ್ಚುತ್ತಿದೆ.

ಆ ಕಾಲದವರಿಗೆ ಈ ಹೋಲಿಕೆ ಯಾಕೆ ಬೇಕಾಯಿತು ಅಂತ ಅರ್ಥವಾಗುತ್ತದೆ. 1935ರಿಂದ ಇಪ್ಪತ್ತು ವರ್ಷ ಅಮೆರಿಕದ ಬ್ಯಾಂಡುಗಳಿಗೆ ಬ್ರಿಟನ್ನಿನಲ್ಲಿ ನುಡಿಸಲು ಹೆಚ್ಚುಕಡಿಮೆ ಪರವಾನಗಿಯೇ ಸಿಗುತ್ತಿರಲಿಲ್ಲ. ಇಲ್ಲಿನ ವಾದಕರ ಅನ್ನಕ್ಕೆ ಕುತ್ತು ಬರುತ್ತದೆಂದು ಅವರ ಸಂಘವೇ ಪಟ್ಟು ಹಿಡಿದಿತ್ತು. ಪಾರ್ಕರ್ ಈ ದೇಶದಲ್ಲಿ ಒಮ್ಮೆಯೂ ನುಡಿಸದೆ 1955ರಲ್ಲಿ ತೀರಿಕೊಂಡರು. ರಾನಿ ಸ್ಕಾಟ್, ಜಾನ್ ಡ್ಯಾಂಕ್‌ವರ್ಥ್‌ರಂಥ ಇಲ್ಲಿನ ವಾದಕರು ಹಡಗಿನ ಬ್ಯಾಂಡಿನಲ್ಲಿ ಕೆಲಸ ಹಿಡಿದು ನ್ಯೂಯಾರ್ಕ್ ಮುಟ್ಟಿ, ಬಿಡುವಿನ ರಾತ್ರಿಗಳಲ್ಲಿ ಅಲ್ಲಿನ ಜಾಝ್ ಕೇಳಿ ಬಂದವರು. 1948ರಲ್ಲಿ ಹತ್ತು ಜನ ವಾದಕರು, ಒಬ್ಬ ಮ್ಯಾನೇಜರು ಸೇರಿ ಸೋಹೋದಲ್ಲಿ ‘ಕ್ಲಬ್ ಇಲೆವೆನ್’ ಶುರು ಮಾಡಿದ್ದೂ ಆ ಹುಚ್ಚಿನಿಂದಲೇ. ಕಣ್ಣಾರೆ ಕಾಣದ ದೇವರಿಗೆ ಊರಲ್ಲೊಂದು ಮೂರ್ತಿ ಬೇಕಾಗಿತ್ತು.

ಆದರೆ ಹ್ಯಾರಿಯಟ್ ಯಾರ ಮೂರ್ತಿಯೂ ಆಗಿರಲಿಲ್ಲ. ಜಮೈಕಾದ ಕಿಂಗ್‌ಸ್ಟನ್ನಿನಲ್ಲಿ ಸನ್ಯಾಸಿನಿಯರು ನಡೆಸುತ್ತಿದ್ದ ಆಲ್ಫಾ ಬಾಯ್ಸ್ ಸ್ಕೂಲಿನಲ್ಲಿ ಬೆಳೆದ ಹುಡುಗ, 1951ರಲ್ಲಿ ಇಂಗ್ಲೆಂಡಿಗೆ ಬಂದರು. ಕಾಯಿಲೆ ಬಿದ್ದು ಆಸ್ಪತ್ರೆಯಲ್ಲಿ ಮಲಗಿದ್ದಾಗ, ರಾಗದ ಚೌಕಟ್ಟೂ ತಾಳದ ಎಣಿಕೆಯೂ ಮೊದಲೇ ಗೊತ್ತಾಗಿರದೆ ಐದು ಜನ ಕೂಡಿ ನುಡಿಸುವ ಬಗೆಯೊಂದನ್ನು ಯೋಚಿಸಿದರು. 1960ರಲ್ಲಿ ‘ಫ್ರೀ ಫಾರ್ಮ್’ ಎಂದು ಅದನ್ನು ಧ್ವನಿಮುದ್ರಿಸಿದರು. ಆಮೇಲೆ ಕಲ್ಕತ್ತಾದ ಸಂಗೀತ ಸಂಯೋಜಕ ಜಾನ್ ಮೇಯರ್ ಜೊತೆ ಸೇರಿ, ಸಿತಾರು, ತಬಲಾ, ತಂಬೂರಿಯ ನಡುವೆ ತಮ್ಮ ಆಲ್ಟೋ ಹಿಡಿದು ನಿಂತರು. ಆ ‘ಇಂಡೋ-ಜಾಝ್’ ಸಂಗೀತದಲ್ಲಿ ಪಾರ್ಕರ್ ಎಲ್ಲಿದ್ದಾರೆ? 1973ರ ಜನವರಿ 2ರಂದು ಕ್ಯಾನ್ಸರಿನಿಂದ ತೀರಿಕೊಂಡಾಗ ವಯಸ್ಸು ಬರೀ 44, ಕೈಯಲ್ಲಿ ಕಾಸಿಲ್ಲ.

ಬಸ್ಸಿನಲ್ಲಿ ಹಿಂದಿರುಗುವಾಗ ಅಕ್ಕನ ಮದುವೆ ನೆನಪಾಯಿತು. ನಮ್ಮ ಪುತ್ತೂರಿನ ಕಡೆ ಮದುವೆಗೆ ಸ್ಯಾಕ್ಸೋಫೋನ್ ಬೇಕೇ ಬೇಕು, ಕದ್ರಿ ಗೋಪಾಲನಾಥರು ಹಿಡಿಸಿದ ರುಚಿ ಅದು. ಧಾರೆ ಮುಗಿದು ಜನ ಊಟದ ಹಾಲಿಗೆ ನುಗ್ಗಿದಾಗ ಆ ವಾದಕರು ಖಾಲಿ ಕುರ್ಚಿಗಳ ಎದುರು ಕಾನಡಾ ರಾಗ ನುಡಿಸುತ್ತಾ ಕೂತಿದ್ದರು. ಅವಸರವಿಲ್ಲ, ಯಾರನ್ನೋ ಮೆಚ್ಚಿಸಬೇಕೆಂಬ ಹಟವಿಲ್ಲ. ಒಂದು ಸ್ವರವನ್ನು ಹಿಡಿದು ಸುಮ್ಮನೆ ಅಲ್ಲಾಡಿಸುತ್ತಿದ್ದರು. ನಾನು ಊಟ ಬಿಟ್ಟು ಕೇಳಿದೆ. ಮುಗಿದ ಮೇಲೆ ಹತ್ತಿರ ಹೋಗಿ, “ಥೇಟ್ ಗೋಪಾಲನಾಥರ ಹಾಗೆಯೇ ನುಡಿಸಿದ್ರಿ” ಎಂದೆ. ಮನಸಾರೆ ಹೇಳಿದ್ದು. ಅವರು ನಕ್ಕರು, ತಲೆ ತಗ್ಗಿಸಿದರು, ರೀಡನ್ನು ಬಿಚ್ಚಿ ಬಿಳಿ ಬಟ್ಟೆಯಲ್ಲಿ ಒರೆಸತೊಡಗಿದರು. ಬಹಳ ಹೊತ್ತು ಒರೆಸಿದರು.

ಸೋಮವಾರ ಅಕ್ಕನಿಗೆ ಫೋನ್ ಮಾಡಿದೆ.

“ಅಕ್ಕಾ, ನಿನ್ನ ಮದುವೆಗೆ ಸ್ಯಾಕ್ಸೋಫೋನ್ ನುಡಿಸಿದವರ ಹೆಸರೇನು?”

“ಹನ್ನೊಂದು ವರ್ಷ ಆಯ್ತಲ್ಲ ಮಾರಾಯ. ಅಪ್ಪನ ಲೆಕ್ಕದ ಪುಸ್ತಕದಲ್ಲಿ ಇರ್ಬಹುದು, ನೋಡ್ತೇನೆ.”

ನಿನ್ನೆ ರಾತ್ರಿ ವಾಟ್ಸ್ಆ್ಯಪಿನಲ್ಲಿ ಆ ಪುಟದ ಫೋಟೋ ಕಳಿಸಿದ್ದಾಳೆ. ಅಪ್ಪನ ದುಂಡು ಅಕ್ಷರ. ಅಡಿಗೆ ಭಟ್ಟರ ಹೆಸರಿದೆ, ಹೂವಿನವನ ಹೆಸರಿದೆ, ಬಾಳೆಲೆ ತಂದವನ ಹೆಸರೂ ಇದೆ. ಅದರ ಕೆಳಗೆ, ‘ಸ್ಯಾಕ್ಸೋಫೋನ್ ಪಾರ್ಟಿ – 6,000’ ಎಂದಷ್ಟೇ ಇದೆ.

ಮದುವೆ ಹಾಲಿನ ಮ್ಯಾನೇಜರ ಹತ್ತಿರ ಕೇಳಿ ನೋಡುತ್ತೇನೆ ಅಂದಿದ್ದಾಳೆ ಅಕ್ಕ. ಕಾಯುತ್ತಿದ್ದೇನೆ.