ಟರ್ನೌಟ್‌ನ ಲೆಕ್ಕ ಸ್ವಿಚ್‌ನಿಂದಲೇ ಶುರುವಾಗಬೇಕು

ಮಾದರಿ ರೈಲುಗಳಿಗೆ ಹಳಿ ಮತ್ತು ಟರ್ನೌಟ್‌ಗಳ (ಒಂದು ಹಳಿದಾರಿ ಎರಡಾಗಿ ಕವಲೊಡೆಯುವ ಜೋಡಣೆ) ನಕ್ಷೆ ಸಿದ್ಧಪಡಿಸುವುದು ನನ್ನ ವೃತ್ತಿ. ಈ ಕೆಲಸಕ್ಕೆ ಹೊಸದಾಗಿ ಬರುವವರು ಹೆಚ್ಚಾಗಿ ಮೊದಲು ಕೇಳುವುದು ಕ್ರಾಸಿಂಗ್‌ನ, ಅಂದರೆ ಎರಡು ದಾರಿಗಳ ಹಳಿಗಳು ಒಂದನ್ನೊಂದು ದಾಟುವ ಜಾಗದ, ಕೋನವನ್ನು: 5ಕ್ಕೆ 1 (5 ಅಳತೆ ಮುಂದೆ ಹೋದಾಗ 1 ಅಳತೆ ಪಕ್ಕಕ್ಕೆ ಸರಿಯುವ ಓರೆ) ಇರಲೋ, 6ಕ್ಕೆ 1 ಇರಲೋ, 8ಕ್ಕೆ 1 ಇರಲೋ ಎಂದು. ಪ್ರಶ್ನೆ ಸಹಜವಾದದ್ದೇ, ಏಕೆಂದರೆ ಟರ್ನೌಟ್‌ಗೆ ಎಷ್ಟು ಜಾಗ ಬೇಕೆಂಬುದು ಬಹುಮಟ್ಟಿಗೆ ಅದರಿಂದಲೇ ತೀರ್ಮಾನವಾಗುತ್ತದೆ. ಆದರೆ ಗಾಡಿ ತಿರುವಿಗೆ ನಯವಾಗಿ ಹೊರಳುತ್ತದೆಯೋ ಕುಲುಕುತ್ತದೆಯೋ, ಚಕ್ರದ ಹಿಂಬದಿ ತೆರೆದ ಸ್ವಿಚ್ ಹಳಿಗೆ (ದಾರಿ ಬದಲಿಸಲು ಪಕ್ಕಕ್ಕೆ ಸರಿಯುವ ಹಳಿ) ಉಜ್ಜುತ್ತದೆಯೋ ಇಲ್ಲವೋ ಎಂಬುದೆಲ್ಲ ಕ್ರಾಸಿಂಗ್ ತಲುಪುವ ಮೊದಲೇ, ಸ್ವಿಚ್‌ನ ಟೋ (ತೆಳುವಾದ ತುದಿ) ಮತ್ತು ಹೀಲ್‌ಗಳ (ಬುಡ) ನಡುವಿನ ಕೆಲವೇ ಸೆಂಟಿಮೀಟರ್‌ಗಳಲ್ಲಿ ನಿರ್ಧಾರವಾಗಿರುತ್ತದೆ. ಅಲ್ಲಿಯ ಅಳತೆಗಳು ಬಿಡಿಬಿಡಿಯಾದ ಸಂಖ್ಯೆಗಳಲ್ಲ, ಒಂದನ್ನು ಅಲುಗಿಸಿದರೆ ಉಳಿದವೂ ಅಲುಗುತ್ತವೆ ಎಂಬುದೇ ಈ ಕೆಲಸ ನನಗೆ ಕಲಿಸಿದ ಮುಖ್ಯ ಪಾಠ.

ಬ್ರಿಟನ್ನಿನ ಹಳೆಯ ಬುಲ್‌ಹೆಡ್ (ಮೇಲ್ತಲೆ ದಪ್ಪಗಿರುವ) ಹಳಿಗಳ ಉದಾಹರಣೆ ಇದನ್ನು ಸ್ಪಷ್ಟವಾಗಿ ತೋರಿಸುತ್ತದೆ. ಅಲ್ಲಿಯ ನೇರ ಸ್ವಿಚ್‌ಗಳನ್ನು 9 ಅಡಿ, 12 ಅಡಿ, 15 ಅಡಿ, 18 ಅಡಿ ಎಂದು ಉದ್ದದಿಂದಲೇ ಗುರುತಿಸುತ್ತಿದ್ದರು. ಮೊದಲ ನೋಟಕ್ಕೆ ಇವು ಯಾರೋ ಅನುಕೂಲಕ್ಕೆ ಆರಿಸಿಕೊಂಡ ಉದ್ದಗಳಂತೆ ಕಾಣುತ್ತವೆ, ಆದರೆ ಹಾಗಲ್ಲ. ಹಳಿಯ ತಲೆಯ ಅಗಲ 2¾ ಇಂಚು, ಚಕ್ರದ ಫ್ಲೇಂಜ್ (ಒಳಬದಿಯ ಚಾಚಿದ ಅಂಚು) ಹಾಯಲು ಬಿಡುವ ಸಂದು, ಅಂದರೆ ಫ್ಲೇಂಜ್‌ವೇ, 1¾ ಇಂಚು. ಎರಡನ್ನೂ ಕೂಡಿದರೆ ಹೀಲ್‌ನಲ್ಲಿ ಸ್ಟಾಕ್ ಹಳಿಯ (ಪಕ್ಕದ ಅಲುಗದ ಹಳಿ) ಗೇಜ್ ಅಂಚಿಗೂ (ಫ್ಲೇಂಜ್ ತಾಗುವ ಒಳ ಅಂಚು) ಸ್ವಿಚ್ ಹಳಿಯ ಗೇಜ್ ಅಂಚಿಗೂ ಇರಬೇಕಾದ ಅಂತರ 4½ ಇಂಚು ಎಂದಾಗುತ್ತದೆ. ಸ್ವಿಚ್ ಹಳಿ 24ಕ್ಕೆ 1ರ ಕೋನದಲ್ಲಿ ಹೊರಟರೆ ಆ 4½ ಇಂಚು ದೂರ ಸರಿಯಲು 108 ಇಂಚು, ಅಂದರೆ ಸರಿಯಾಗಿ 9 ಅಡಿ ಬೇಕು. 32ಕ್ಕೆ 1 ಆದರೆ 12 ಅಡಿ, 40ಕ್ಕೆ 1 ಆದರೆ 15 ಅಡಿ, 48ಕ್ಕೆ 1 ಆದರೆ 18 ಅಡಿ. ಹಳಿಯ ತಲೆಯನ್ನು ಎಷ್ಟು ದೂರ ಓರೆಯಾಗಿ ಕೆತ್ತಬೇಕು ಎಂಬ ಪ್ಲೇನಿಂಗ್ ಉದ್ದವೂ ಇದೇ ಲೆಕ್ಕದಿಂದ ಬರುತ್ತದೆ: 2¾ ಇಂಚನ್ನು 24ರಿಂದ ಗುಣಿಸಿದರೆ 66 ಇಂಚು, ಅಂದರೆ ಐದೂವರೆ ಅಡಿ. ಹೀಗೆ ತಲೆಯ ಅಗಲ, ಫ್ಲೇಂಜ್‌ವೇ, ಕೋನ ಈ ಮೂರು ಗೊತ್ತಾದರೆ ಉದ್ದಗಳು ತಾವಾಗಿಯೇ ಸಿಗುತ್ತವೆ.

ಅಡಿಗೆ 4 ಮಿ.ಮೀ. ಪ್ರಮಾಣಕ್ಕೆ ಇಳಿಸಿದಾಗ 9 ಅಡಿಯ ಸ್ವಿಚ್ 36 ಮಿ.ಮೀ. ಆಗುತ್ತದೆ, ತಲೆಯ ಅಗಲ 0.92 ಮಿ.ಮೀ. ಆಸುಪಾಸಿನಲ್ಲಿರುತ್ತದೆ, ಫ್ಲೇಂಜ್‌ವೇ 0.58 ಮಿ.ಮೀ. ಆಗುತ್ತದೆ. ತೊಡಕು ಇಲ್ಲಿಯೇ ಇದೆ. 16.5 ಮಿ.ಮೀ. ಗೇಜ್‌ನ (ಎರಡು ಹಳಿಗಳ ನಡುವಿನ ಅಂತರ) ಡಬಲ್‌ ಓ ಎಂಬ ವರ್ಗದ ಮಾದರಿಗಳ ಚಕ್ರಗಳು ನಿಜವಾದ ಚಕ್ರಗಳ ಪ್ರಮಾಣಕ್ಕಿಂತ ದಪ್ಪವಾಗಿರುವುದರಿಂದ ಅವಕ್ಕೆ 0.58 ಮಿ.ಮೀ. ಸಂದು ಯಾವುದಕ್ಕೂ ಸಾಲದು. ಅಲ್ಲಿ ರೂಢಿಯಲ್ಲಿರುವ ಫ್ಲೇಂಜ್‌ವೇ ಅಳತೆಗಳಲ್ಲಿ 1.25 ಮಿ.ಮೀ. ಒಂದು. ಹಾಗಾದಾಗ ಹೀಲ್‌ನ ಅಂತರ 1.5ರಿಂದ 2.17 ಮಿ.ಮೀ.ಗೆ ಏರುತ್ತದೆ. 24ಕ್ಕೆ 1ರ ಕೋನವನ್ನು ಉಳಿಸಿಕೊಂಡರೆ ಸ್ವಿಚ್ ಹಳಿಯ ಉದ್ದ 52 ಮಿ.ಮೀ. ಆಗಬೇಕು. ನಕ್ಷೆಯಲ್ಲಿ ಚೆಂದ ಕಾಣಲೆಂದು 36 ಮಿ.ಮೀ. ಉದ್ದವನ್ನೇ ಹಿಡಿದು ಕೂತರೆ ಕೋನ ಸುಮಾರು 16.6ಕ್ಕೆ 1 ಆಗಿಬಿಡುತ್ತದೆ, ಮತ್ತು ಉದ್ದನೆಯ ಗಾಡಿಗಳು ಅಲ್ಲಿ ಕಣ್ಣಿಗೆ ಕಾಣುವಷ್ಟು ಜರ್ಕ್ ಹೊಡೆಯುತ್ತವೆ. ನಿಜವಾದ ಹಳಿಯ ನಕ್ಷೆಯನ್ನು ಹಾಗೆಯೇ ಕುಗ್ಗಿಸಿ ಮಾದರಿಗೆ ಬಳಸುವುದನ್ನು ನಾನು ವಿರೋಧಿಸುವುದು ಇದೇ ಕಾರಣಕ್ಕೆ. ಕೋನವನ್ನು ಕಾಪಾಡಿ, ಉದ್ದವನ್ನು ಬಿಟ್ಟುಕೊಡುವುದು ನನ್ನ ಪದ್ಧತಿ. ಗೇಜ್ ಮತ್ತು ಚಕ್ರ ಎರಡನ್ನೂ ಪ್ರಮಾಣಬದ್ಧವಾಗಿ ಇಟ್ಟುಕೊಳ್ಳುವ 18.83 ಮಿ.ಮೀ. ಗೇಜ್‌ನ ಮಾದರಿಗಳಲ್ಲಿ ಈ ಸಂಘರ್ಷ ಬಹುತೇಕ ಇಲ್ಲ.

ಎಲ್ಲಕ್ಕಿಂತ ಹೆಚ್ಚು ಗಮನ ಬೇಡುವ ಅಳತೆ ಟೋ ತೆರವು, ಅಂದರೆ ತೆರೆದಾಗ ಸ್ವಿಚ್ ಹಳಿಯ ತುದಿ ಸ್ಟಾಕ್ ಹಳಿಯಿಂದ ಎಷ್ಟು ದೂರ ನಿಲ್ಲಬೇಕು ಎಂಬುದು. ಬ್ರಿಟನ್ನಿನ ರೂಢಿಯ 4¼ ಇಂಚು ಈ ಪ್ರಮಾಣದಲ್ಲಿ 1.42 ಮಿ.ಮೀ. ಆಗುತ್ತದೆ. ತುದಿಯಲ್ಲಿ ಫೀಲರ್ ಗೇಜ್ (ಸಂದು ಅಳೆಯುವ ತೆಳು ಪಟ್ಟಿ) ತೂರಿಸಿ ನೋಡಿದರೆ ಇಷ್ಟು ಸಾಕೆಂದೇ ಅನ್ನಿಸುತ್ತದೆ. ಆದರೆ ಸಂದು ಅತ್ಯಂತ ಕಿರಿದಾಗಿರುವುದು ತುದಿಯಲ್ಲಿ ಅಲ್ಲ, ಪ್ಲೇನಿಂಗ್ ಮುಗಿದು ತಲೆ ಪೂರ್ಣ ಅಗಲಕ್ಕೆ ಬರುವ ಜಾಗದಲ್ಲಿ. ಮುಚ್ಚಿದಾಗ ಅಲ್ಲಿಯವರೆಗೂ ಸ್ವಿಚ್ ಹಳಿ ಸ್ಟಾಕ್ ಹಳಿಗೆ ಅಂಟಿಕೊಂಡಿರುತ್ತದೆ. ಆದ್ದರಿಂದ ತೆರೆದಾಗ ಅಲ್ಲಿ ಸಿಗುವ ಸಂದೆಲ್ಲವೂ ಹಳಿ ಸರಿದುದರಿಂದ ಮಾತ್ರ ಬಂದದ್ದು. ಹೀಲ್‌ನಲ್ಲಿ ತಿರುಗುವ 52 ಮಿ.ಮೀ. ಹಳಿಯಲ್ಲಿ ಪ್ಲೇನಿಂಗ್ 22 ಮಿ.ಮೀ.ಗೆ ಮುಗಿಯುತ್ತದೆ, ಉಳಿದದ್ದು 30 ಮಿ.ಮೀ. ತುದಿ 1.42 ಮಿ.ಮೀ. ಸರಿದರೆ ಆ ಜಾಗ ಸರಿಯುವುದು 0.82 ಮಿ.ಮೀ. ಮಾತ್ರ. ಚಕ್ರಗಳ ಹಿಂಬದಿಗಳ ನಡುವಿನ ಅಂತರ 14.5 ಮಿ.ಮೀ., ಫ್ಲೇಂಜ್‌ನ ದಪ್ಪ 0.8 ಮಿ.ಮೀ. ಎಂದಿಟ್ಟುಕೊಂಡರೆ, ಎದುರು ಬದಿಯ ಫ್ಲೇಂಜ್ ತನ್ನ ಹಳಿಗೆ ಒತ್ತಿಕೊಂಡಾಗ ಈ ಬದಿಯ ಚಕ್ರಕ್ಕೆ ಬೇಕಾಗುವ ಸಂದು 16.5ರಿಂದ ಇವೆರಡನ್ನೂ ಕಳೆದು ಉಳಿಯುವ 1.2 ಮಿ.ಮೀ. ಹಾಗಾಗಿ ಚಕ್ರದ ಹಿಂಬದಿ ತೆರೆದ ಹಳಿಗೆ ತಾಗಿಯೇ ತಾಗುತ್ತದೆ. ಹಳಿಯಿಂದ ವಿದ್ಯುತ್ ಪಡೆಯುವ ಮಾದರಿಗಳಲ್ಲಿ ಎರಡು ಸ್ವಿಚ್ ಹಳಿಗಳೂ ಒಂದೇ ಧ್ರುವದಲ್ಲಿದ್ದರೆ ಆ ಸ್ಪರ್ಶವೇ ಶಾರ್ಟ್ ಸರ್ಕ್ಯೂಟ್‌ಗೆ ದಾರಿ. ಇದನ್ನು ತಪ್ಪಿಸಲು ಟೋ ತೆರವು ಸುಮಾರು 2.1 ಮಿ.ಮೀ. ಆಗಬೇಕು.

ಹೀಲ್‌ನಲ್ಲಿ ಕೀಲಿಲ್ಲದೆ ಹಳಿಯೇ ಬಾಗುವ ವಿನ್ಯಾಸವಾದರೆ ಲೆಕ್ಕ ಇನ್ನಷ್ಟು ಬಿಗಿಯಾಗುತ್ತದೆ. ಬಾಗುವ ಹಳಿ ತುದಿಯಲ್ಲಿ ಹೆಚ್ಚು, ಬುಡದತ್ತ ಬಹಳ ಕಡಿಮೆ ಸರಿಯುವುದರಿಂದ, ಅದೇ 52 ಮಿ.ಮೀ.ಯೊಳಗೆ ಬಾಗಿಸಿದರೆ 1.2 ಮಿ.ಮೀ. ಸಂದು ಪಡೆಯಲು ತುದಿಯನ್ನು 3 ಮಿ.ಮೀ.ಯಷ್ಟು ಎಳೆಯಬೇಕಾಗುತ್ತದೆ. ಅದು ಕಣ್ಣಿಗೂ ಚೆನ್ನಲ್ಲ, ಎರಡು ಸ್ವಿಚ್ ಹಳಿಗಳನ್ನು ಜೋಡಿಸುವ ಟೈ ಬಾರ್‌ನ ಬೆಸುಗೆಗೂ ಒಳ್ಳೆಯದಲ್ಲ. ಹೀಲ್‌ನಿಂದಾಚೆಗೂ ಕೆಲವು ಸ್ಲೀಪರ್‌ಗಳಿಗೆ ಹಳಿಯನ್ನು ಬಿಗಿಯದೆ, ಬಾಗುವ ಉದ್ದವನ್ನು 70 ಮಿ.ಮೀ.ಗೆ ಏರಿಸಿದರೆ 2.2 ಮಿ.ಮೀ. ಟೋ ತೆರವು ಸಾಕಾಗುತ್ತದೆ. ಯಾವ ಸ್ಲೀಪರ್‌ನಿಂದ ಹಳಿಯನ್ನು ಬಿಗಿಯಬೇಕು ಎಂಬುದನ್ನು ನಕ್ಷೆಯಲ್ಲಿಯೇ ಗುರುತು ಮಾಡಿ ಕೊಡುವುದನ್ನು ನಾನು ಕಡ್ಡಾಯವೆಂದು ಭಾವಿಸುತ್ತೇನೆ.

ತುದಿಯ ದಪ್ಪವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಅರದಿಂದ ಉಜ್ಜಿ ಎಷ್ಟೇ ತೆಳುವಾಗಿಸಿದರೂ ತುದಿ ಶೂನ್ಯಕ್ಕೆ ಇಳಿಯುವುದಿಲ್ಲ. 24ಕ್ಕೆ 1ರ ಕೋನದಲ್ಲಿ ತುದಿ 0.2 ಮಿ.ಮೀ. ದಪ್ಪ ಉಳಿದರೆ, ರೇಖೆಗಳು ಕೂಡುವ ಸೈದ್ಧಾಂತಿಕ ಬಿಂದುವಿಗೂ ಹಳಿಯ ನಿಜವಾದ ತುದಿಗೂ 4.8 ಮಿ.ಮೀ. ವ್ಯತ್ಯಾಸ ಬರುತ್ತದೆ, ಆದ್ದರಿಂದ ಟೈ ಬಾರ್‌ನ ಸ್ಲೀಪರ್‌ಗಳನ್ನು ಯಾವ ಬಿಂದುವಿನಿಂದ ಅಳೆದಿದ್ದೇವೆ ಎಂಬುದು ನಕ್ಷೆಯಲ್ಲಿ ಸ್ಪಷ್ಟವಾಗಿರಬೇಕು. ಹಾಗೆಯೇ ತಿರುವಿನ ಕಡೆಯ ಸ್ಟಾಕ್ ಹಳಿಗೆ ಟೋಗೆ ತುಸು ಮುಂಚೆ ಅದೇ ಕೋನದ ಸಣ್ಣ ಬಾಗು ಕೊಡಬೇಕು. ಅದನ್ನು ಬಿಟ್ಟು ಹಳಿಯನ್ನು ಸಲೀಸಾಗಿ ಬಳುಕಿಸಿದರೆ ತಿರುವಿನ ಗೇಜ್ ಟೋ ಬಳಿಯೇ ಕಿರಿದಾಗುತ್ತದೆ.

ಅಮೆರಿಕದ ಪದ್ಧತಿಯಲ್ಲಿ ಸಂಖ್ಯೆಗಳು ಬೇರೆ, ತರ್ಕ ಇದೇ. ಅಲ್ಲಿಯ ಹದಿನಾರೂವರೆ ಅಡಿಯ ನೇರ ಸ್ವಿಚ್‌ಗೆ ಹೀಲ್‌ನಲ್ಲಿ 6¼ ಇಂಚು ಅಂತರ, ತುದಿಯಲ್ಲಿ ಕಾಲು ಇಂಚು ದಪ್ಪ. ಹಾಗಾಗಿ 198 ಇಂಚಿನಲ್ಲಿ 6 ಇಂಚು ಸರಿಯುತ್ತದೆ, ಅಂದರೆ 33ಕ್ಕೆ 1. ಎರಡೂ ದೇಶಗಳ ಕೋಷ್ಟಕಗಳಿಂದ ಒಂದೊಂದು ಸಂಖ್ಯೆಯನ್ನು ಹೆಕ್ಕಿ ಒಂದೇ ನಕ್ಷೆಯಲ್ಲಿ ಬೆರೆಸಬಾರದು.

ಹಳಿಯನ್ನು ಬಿಗಿದ ಮೇಲೆ ನಾನು ಮಾಡುವ ಪರೀಕ್ಷೆ ಸರಳವಾದದ್ದು. ಒಂದು ಜೋಡಿ ಚಕ್ರವನ್ನು ಮುಚ್ಚಿದ ಸ್ವಿಚ್ ಹಳಿಯತ್ತ ಬೆರಳಿನಿಂದ ಒತ್ತಿ ಹಿಡಿದು ನಿಧಾನವಾಗಿ ಉರುಳಿಸುತ್ತಾ, ಪ್ಲೇನಿಂಗ್ ಮುಗಿಯುವ ಜಾಗದಲ್ಲಿ ಎದುರು ಚಕ್ರದ ಹಿಂಬದಿಗೂ ತೆರೆದ ಹಳಿಗೂ ನಡುವೆ ಬೆಳಕಿನ ಗೆರೆ ಕಾಣುತ್ತದೆಯೇ ಎಂದು ನೋಡುತ್ತೇನೆ; ನಂತರ ಇನ್ನೊಂದು ದಾರಿಗೂ ಹೀಗೆಯೇ. ಗೆರೆ ಕಾಣದಿದ್ದರೆ ಮೊದಲು ನೋಡಬೇಕಾದದ್ದು ಸ್ವಿಚ್ ಸರಿಸುವ ಮೋಟರ್‌ನ ಚಲನೆಯನ್ನು, ಏಕೆಂದರೆ ಟೈ ಬಾರ್‌ನ ರಂಧ್ರದ ಸಡಿಲವೂ ತಂತಿಯ ಬಾಗೂ ಸೇರಿ ಆ 2.1 ಮಿ.ಮೀ.ಯಲ್ಲಿ ಒಂದು ಪಾಲನ್ನು ನುಂಗಿರುತ್ತವೆ.