ಟ್ಯಾಸ್ಮೇನಿಯನ್ ಡೆವಿಲ್‌ಗೆ ಅದರ ಬಾಯೇ ಕಂಟಕ

ಪುಣೆಯ ನಮ್ಮವರಿಗೆ ಸಾಸವಡ ಕಡೆಯ ಹುಲ್ಲುಗಾವಲಿನ ಕತ್ತೆಕಿರುಬ ಗೊತ್ತಿರುತ್ತದೆ. ಸತ್ತ ದನ, ಕುರಿಗಳನ್ನು ಮೂಳೆಸಮೇತ ಮುಗಿಸುವ ಪ್ರಾಣಿ ಅದು. ಆಸ್ಟ್ರೇಲಿಯಾದ ಟ್ಯಾಸ್ಮೇನಿಯಾ ದ್ವೀಪದಲ್ಲಿ ಈ ಕೆಲಸ ಡೆವಿಲ್‌ನದು. ಇವೆರಡಕ್ಕೂ ನಂಟೇನಿಲ್ಲ. ಡೆವಿಲ್ ಕಾಂಗರೂವಿನಂತೆ ಹೊಟ್ಟೆಚೀಲದ ಪ್ರಾಣಿ. ಈಗ ಉಳಿದಿರುವ ಮಾಂಸಾಹಾರಿ ಹೊಟ್ಟೆಚೀಲದ ಪ್ರಾಣಿಗಳಲ್ಲೆಲ್ಲ ದೊಡ್ಡದು. ದೊಡ್ಡ ಗಂಡು 12 ಕೆ.ಜಿ.ವರೆಗೆ ತೂಗುತ್ತದೆ.

ಹಗಲು ಬಿಲದಲ್ಲೋ ಪೊದೆಯಲ್ಲೋ ಮಲಗಿ ಕತ್ತಲಾದ ಮೇಲೆ ಹೊರಡುತ್ತದೆ. ಬೇಟೆಯೂ ಬರುತ್ತದೆ, ಆದರೆ ಸತ್ತ ವಾಲಬಿ (ಕಾಂಗರೂವಿನಂಥ ಚಿಕ್ಕ ಪ್ರಾಣಿ) ಸಿಕ್ಕರೆ ಅದೇ ಸಲೀಸು. ಅರ್ಧ ಗಂಟೆಯಲ್ಲಿ ತನ್ನ ತೂಕದ ಶೇ. 40ರಷ್ಟು ತಿನ್ನಬಲ್ಲದು, ಚರ್ಮ, ಕೂದಲು, ಮೂಳೆ ಯಾವುದನ್ನೂ ಬಿಡದು. ಮಿಕ್ಕ ಕೊಬ್ಬು ಬಾಲದಲ್ಲಿ ಕೂಡುತ್ತದೆ, ಹಾಗಾಗಿ ಬಾಲ ಸೊರಗಿದ್ದರೆ ಪ್ರಾಣಿಯೂ ಸೊರಗಿದೆ ಎಂದೇ ತಿಳಿಯಬೇಕು. ಹೆಣದ ಸುತ್ತ ನಾಲ್ಕಾರು ಸೇರಿದಾಗಿನ ಕಿರುಚಾಟ ಭಯಂಕರ, ಆದರೆ ಅದರಲ್ಲಿ ಬಹುಪಾಲು ಬರೀ ಬೆದರಿಕೆ.

ಬಸುರು ಮೂರೇ ವಾರ. ಅಕ್ಕಿಕಾಳಿನಷ್ಟು ಚಿಕ್ಕ ಮರಿಗಳು ಇಪ್ಪತ್ತಕ್ಕೂ ಹೆಚ್ಚು ಹುಟ್ಟುತ್ತವೆ, ತಾಯಿಗೆ ಮೊಲೆ ನಾಲ್ಕೇ. ಹಿಡಿದುಕೊಂಡವು ಬದುಕುತ್ತವೆ. ಚೀಲದ ಬಾಯಿ ಹಿಂದಕ್ಕೆ ತೆರೆದಿರುವುದರಿಂದ ತಾಯಿ ನೆಲ ಅಗೆದರೂ ಮಣ್ಣು ಒಳಗೆ ಬೀಳದು.

ಈ ಪ್ರಾಣಿಯನ್ನು ಕಾಡುತ್ತಿರುವುದು 1996ರಲ್ಲಿ ಮೊದಲು ಕಂಡ ಮುಖದ ಕ್ಯಾನ್ಸರ್. ಇದನ್ನು ಹರಡುವುದು ವೈರಸ್ ಅಲ್ಲ. ಬೆದೆಯ ಕಾಲದಲ್ಲಿ ಒಂದನ್ನೊಂದು ಮುಖಕ್ಕೆ ಕಚ್ಚುವಾಗ ಕ್ಯಾನ್ಸರಿನ ಜೀವಕೋಶಗಳೇ ಗಾಯದೊಳಗೆ ಹೋಗಿ ಬೆಳೆಯುತ್ತವೆ. ಪರಕೀಯವೆಂದು ಗುರುತಿಸಲು ಬೇಕಾದ ಗುರುತನ್ನೇ ಈ ಕೋಶಗಳು ಅಡಗಿಸುವುದರಿಂದ ದೇಹ ಎದುರಿಸುವುದಿಲ್ಲ. ಗೆಡ್ಡೆ ಬಾಯಿ ತುಂಬಿ, ತಿನ್ನಲಾಗದೆ ಪ್ರಾಣಿ ಕೆಲವೇ ತಿಂಗಳಲ್ಲಿ ಸಾಯುತ್ತದೆ. ಇಂಥದ್ದೇ ಎರಡನೆಯ ಕ್ಯಾನ್ಸರ್ 2014ರಲ್ಲಿ ಪತ್ತೆಯಾಯಿತು.

ರೋಗವಿಲ್ಲದ ಗುಂಪೊಂದು ಉಳಿಯಲೆಂದು 2012ರಲ್ಲಿ ಟ್ಯಾಸ್ಮೇನಿಯಾದ ಪಕ್ಕದ ಮರಾಯಾ ದ್ವೀಪಕ್ಕೆ ಡೆವಿಲ್‌ಗಳನ್ನು ಬಿಟ್ಟರು. ಅವು ಚೆನ್ನಾಗಿ ಹೆಚ್ಚಿದವು, ಆದರೆ ಅಲ್ಲಿನ ಪುಟ್ಟ ಪೆಂಗ್ವಿನ್‌ಗಳೇ ಇಲ್ಲವಾದವು. ನೆಲದಲ್ಲಿ ಗೂಡುಮಾಡುವ ಹಕ್ಕಿಗಳಿರುವ ಚಿಕ್ಕ ದ್ವೀಪಕ್ಕೆ ಬೇಟೆಗಾರನನ್ನು ಬಿಡುವ ಮುನ್ನ ಇದನ್ನು ತೂಗಿ ನೋಡಲೇಬೇಕಿತ್ತು ಎಂಬುದು ನನ್ನ ಅಭಿಪ್ರಾಯ.

ಮಗ, ಮಗಳನ್ನು ನೋಡಲು ಆಸ್ಟ್ರೇಲಿಯಾಕ್ಕೆ ಹೋಗುವ ನಮ್ಮ ಹಿರಿಯರು ಟ್ಯಾಸ್ಮೇನಿಯಾ ಸುತ್ತುವುದಿದ್ದರೆ, ಸಂಜೆಯಿಂದ ಬೆಳಗಿನವರೆಗೆ ಕಾರು ನಿಧಾನವಾಗಿ ಓಡಿಸಲು ಮಕ್ಕಳಿಗೆ ಹೇಳಿ. ಗಾಡಿಗೆ ಸಿಕ್ಕಿ ಸತ್ತ ಪ್ರಾಣಿಯನ್ನು ತಿನ್ನಲು ಡೆವಿಲ್ ರಸ್ತೆಗೇ ಬರುತ್ತದೆ, ಕಪ್ಪು ಮೈ ಡಾಂಬರಿನ ಮೇಲೆ ಕಾಣುವುದೇ ಇಲ್ಲ.